ಸ್ಲೋ ಮೋಷನ್‌ನಲ್ಲಿ ಒಂದು ಮಂಡಿ

ಕೊರೊನಾ ಮುಗಿದು ಸ್ಟೇಡಿಯಂಗಳಿಗೆ ಮತ್ತೆ ಜನ ಬರತೊಡಗಿದ ಎರಡನೇ ವರ್ಷ. ಆಗ ನಾನು ಡೊಂಬಿವಲಿ ಪೂರ್ವದಲ್ಲಿ ನನ್ನದೇ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ಅದರ ಜೊತೆಗೆ ನವಿ ಮುಂಬಯಿಯಲ್ಲಿ ನಡೆಯುತ್ತಿದ್ದ ಒಂದು ಕಬಡ್ಡಿ ಲೀಗಿನಲ್ಲಿ, ಆ ಒಂದು ಋತುವಿನ ಮಟ್ಟಿಗೆ, ತಂಡವೊಂದರ ಫಿಸಿಯೋ ಆಗಿದ್ದೆ. ಫಿಸಿಯೋ ಎಂದರೆ ಮಾಲೀಶು ಮಾಡುವವಳು ಎಂದು ತಿಳಿದವರು ಇನ್ನೂ ಇದ್ದಾರೆ, ಠಾಕುರ್ಲಿಯ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯೂ ಸೇರಿ. ಆಟಗಾರನಿಗೆ ಪೆಟ್ಟಾದಾಗ ಮೊದಲು ಓಡಿಹೋಗುವವಳು, ಆಪರೇಷನ್ ಆದ ಮೇಲೆ ಅವನನ್ನು ಮತ್ತೆ ಕಾಲ ಮೇಲೆ ನಿಲ್ಲಿಸುವವಳು ಎಂದು ತಿಳಿದುಕೊಂಡರೆ ಸದ್ಯಕ್ಕೆ ಸಾಕು. ಲೀಗಿನ ಹೆಸರನ್ನಾಗಲಿ ಅದನ್ನು ಪ್ರಸಾರ ಮಾಡಿದ ಟೀವಿ ಚಾನೆಲ್ಲಿನ ಹೆಸರನ್ನಾಗಲಿ ನಾನು ಹೇಳುವುದಿಲ್ಲ. ಹೆದರಿಕೆಯಿಂದಲ್ಲ, ಅವರಿಗೆ ಪುಕ್ಕಟೆ ಪ್ರಚಾರ ಕೊಡುವ ಮನಸ್ಸಿಲ್ಲ.

ನಮ್ಮ ತಂಡದಲ್ಲಿ ಶರಣಪ್ಪ ಎಂಬ ರೈಡರ್, ಎಂದರೆ ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು, ಇದ್ದ, ಎಲ್ಲರ ಬಾಯಲ್ಲೂ ಶರಣು. ಅಪ್ಪ ಅಮ್ಮ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಠಾಣೆ ನಗರದ ಪಕ್ಕದ ಕಳವಾ ಎಂಬಲ್ಲಿ ನೆಲೆ ನಿಂತವರು. ಅಪ್ಪ ತೀರಿಕೊಂಡಿದ್ದ. ತಾಯಿ ನೀಲವ್ವ ಠಾಣೆಯಲ್ಲಿ ಏಳುತ್ತಿದ್ದ ಟವರುಗಳಿಗೆ ಇನ್ನೂ ಇಟ್ಟಿಗೆ ಹೊರುತ್ತಿದ್ದಳು. ಶರಣು ಹುಟ್ಟಿ ಬೆಳೆದದ್ದೆಲ್ಲ ಕಳವಾದಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ, ಕೋಚ್ ಮರಾಠಿಯಲ್ಲಿ ಬೈದರೆ ಸುಮ್ಮನೆ ನಗುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ. ಈ ಲೀಗಿನಲ್ಲಿ ಹೆಸರು ಮಾಡಿ ಯಾವುದಾದರೂ ಸರ್ಕಾರಿ ಇಲಾಖೆಯ ತಂಡಕ್ಕೆ ಸೇರಬೇಕು. ಕ್ರೀಡಾ ಕೋಟಾದಲ್ಲಿ ಆಯ್ಕೆಯಾದರೆ ಆಟದ ಜೊತೆಗೆ ಕಾಯಂ ನೌಕರಿ ಸಿಗುತ್ತದೆ, ತಾಯಿಯ ತಲೆಯ ಮೇಲಿನ ಇಟ್ಟಿಗೆ ಇಳಿಯುತ್ತದೆ. ಆ ಆಸೆಯೆಲ್ಲ ನಿಂತಿದ್ದದ್ದು ಅವನ ಎರಡು ಕಾಲುಗಳ ಮೇಲೆ.

ಕಬಡ್ಡಿ ಟೀವಿಗೆ ಬಂದ ಮೇಲೆ ರೈಡರ್‌ಗಳಿಗೆ ಹೊಸದೊಂದು ಚಟ ಅಂಟಿಕೊಂಡಿದೆ. ಮೊದಲೆಲ್ಲ ರೈಡ್ ಮುಗಿಸಿದವನು ಅಂಪೈರನ ಕೈ ನೋಡುತ್ತಿದ್ದ. ಈಗ ಸ್ಟೇಡಿಯಂನ ದೊಡ್ಡ ಪರದೆಯನ್ನು ನೋಡುತ್ತಾನೆ. ಎದುರಾಳಿಯನ್ನು ಮುಟ್ಟಿದನೋ ಇಲ್ಲವೋ, ಬೆರಳು ಮಧ್ಯದ ಗೆರೆ ದಾಟಿತೋ ಇಲ್ಲವೋ ಎಂಬುದನ್ನು ರಿಪ್ಲೇ ತೋರಿಸಿ ತೀರ್ಮಾನಿಸುವುದು ಅಲ್ಲೇ. ಹಾಗಾಗಿ ಬಿದ್ದಲ್ಲಿಂದಲೇ ಕತ್ತು ಹೊರಳಿಸಿ ಪರದೆ ನೋಡುವುದು ಅವರಿಗೆ ಉಸಿರಾಡಿದಷ್ಟೇ ಸಹಜ. ರಿಪ್ಲೇ ಎಂಬುದರ ನಿಜವಾದ ಕೆಲಸವೂ ಅದೇ ಆಗಿತ್ತು.

ಆ ದಿನ ದ್ವಿತೀಯಾರ್ಧದಲ್ಲಿ ಶರಣು ರೈಡಿಗೆ ಹೋದ. ಎದುರಾಳಿಯ ಮೂಲೆಯ ಆಟಗಾರನನ್ನು ಮುಟ್ಟಿ ಹಿಂದಕ್ಕೆ ಜಿಗಿದ. ಆ ಆಟಗಾರ ಅವನ ಹಿಮ್ಮಡಿ ಹಿಡಿದ, ಇನ್ನಿಬ್ಬರು ಪಕ್ಕದಿಂದ ಅವನ ಮೇಲೆ ಬಿದ್ದರು. ಕೈ ಗೆರೆಯ ಕಡೆ ಚಾಚಿತ್ತು, ಪಾದ ನೆಲಕ್ಕೆ ಅಂಟಿತ್ತು, ನಡುವಿನ ಮಂಡಿ ಪಕ್ಕಕ್ಕೆ ಮಡಚಿಕೊಂಡಿತು. ಮಂಡಿ ಪಕ್ಕಕ್ಕೆ ಮಡಚುವ ಕೀಲಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ನೀ ಡಿಸ್‌ಲೊಕೇಶನ್ ಎನ್ನುತ್ತೇವೆ. ಮಂಡಿಯ ಎಲುಬುಗಳು ತಮ್ಮ ಜಾಗ ಬಿಡುತ್ತವೆ, ಅವುಗಳನ್ನು ಕಟ್ಟಿಹಿಡಿದ ಲಿಗಮೆಂಟುಗಳು ಹರಿಯುತ್ತವೆ, ಹಿಂದೆ ಹಾದುಹೋಗುವ ರಕ್ತನಾಳ ಜಜ್ಜಿದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ನಾನು ಓಡಿಹೋಗಿ ಮೊದಲು ಅವನ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದೆ. ಸಿಕ್ಕಿತು. ಅವನಿಗೆ ಇನ್ನೂ ನೋವು ಹತ್ತಿರಲಿಲ್ಲ, ದೊಡ್ಡ ಪೆಟ್ಟಿನಲ್ಲಿ ಹಾಗಾಗುವುದುಂಟು. ಪಾಯಿಂಟ್ ಸಿಕ್ಕಿತೇ ಎಂದು ನನ್ನನ್ನೇ ಕೇಳಿ, ಉತ್ತರಕ್ಕೆ ಕಾಯದೆ ಕತ್ತು ಹೊರಳಿಸಿ ಪರದೆ ನೋಡಿದ.

ಪರದೆಯ ಮೇಲೆ ಅವನ ಬೆರಳೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಒಂದು ಮನೆಯಷ್ಟು ಎತ್ತರಕ್ಕೆ ಅವನ ಮಂಡಿಯಿತ್ತು. ನಿಧಾನವಾಗಿ, ಬಹಳ ನಿಧಾನವಾಗಿ ಅದು ಪಕ್ಕಕ್ಕೆ ಮಡಚಿಕೊಂಡಿತು. ಆಮೇಲೆ ಇನ್ನೊಂದು ಕ್ಯಾಮೆರಾದಿಂದ, ಆಮೇಲೆ ಮೇಲಿನಿಂದ. ಮೂಲೆಯಲ್ಲಿ ಒಂದು ಲಾಂಛನ ಗಿರಗಿರನೆ ತಿರುಗುತ್ತಿತ್ತು: ಆ ಸ್ಲೋ ಮೋಷನ್ನಿನ ಪ್ರಾಯೋಜಕರು ನೋವು ನಿವಾರಕ ಸ್ಪ್ರೇ ಮಾಡುವವರು. ಶರಣು ಕಿರುಚಿದ್ದು ಆಗ. ಪೆಟ್ಟು ಬಿದ್ದಾಗಲ್ಲ, ನೋಡಿದಾಗ.

ಕಾಮೆಂಟರಿಯವರು ದಯಾಮಯರು. ಸೂಕ್ಷ್ಮ ಮನಸ್ಸಿನವರು ದಯವಿಟ್ಟು ನೋಡಬೇಡಿ ಎಂದು ಎರಡು ಸಲ ತೋರಿಸಿದ ಮೇಲೆ ಹೇಳಿದರಂತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಹೇಳಿ ಮುಗಿಸಿ ಮೂರನೇ ಸಲ ತೋರಿಸಿದರು. ಕಳವಾದ ಒಂದು ಕೋಣೆಯಲ್ಲಿ ನೀಲವ್ವ ನೆರೆಹೊರೆಯವರನ್ನೆಲ್ಲ ಕೂರಿಸಿಕೊಂಡು ಮಗನ ಆಟ ನೋಡುತ್ತಿದ್ದಳು. ಅವಳಿಗೆ ನಮ್ಮ ಕಡೆಯಿಂದ ಫೋನು ಹೋಗುವ ಮೊದಲೇ ಮಗನ ಕಾಲು ಮುರಿಯುವುದನ್ನು ಎಲ್ಲ ದಿಕ್ಕುಗಳಿಂದಲೂ ನೋಡಿಯಾಗಿತ್ತು. ಬಂದವಳು ಆಸ್ಪತ್ರೆಯ ಬಾಗಿಲಲ್ಲಿ ಕೇಳಿದ್ದು, ಕಾಲು ಇದೆಯೋ ತೆಗೆದರೋ ಎಂದು.

ಕಾಲು ಉಳಿಯಿತು. ಆಪರೇಷನ್ ಮಾಡಿದ ಸರ್ಜನ್ ಮೊದಲು ವಿಡಿಯೋ ತರಿಸಿ ನೋಡಿದರು. ಮಂಡಿ ಯಾವ ಕಡೆಗೆ ಮಡಚಿತು, ಭಾರ ಎಲ್ಲಿಂದ ಬಿತ್ತು ಎಂದು ತಿಳಿದರೆ ಯಾವ ಲಿಗಮೆಂಟ್ ಹರಿದಿರಬಹುದೆಂಬ ಅಂದಾಜು ಸಿಗುತ್ತದೆ. ಆದ್ದರಿಂದ ಕ್ಯಾಮೆರಾ ಇರಲೇಬಾರದು ಎನ್ನುವ ಮಡಿವಂತಿಕೆ ನನಗಿಲ್ಲ. ಆಟ ನೇರವಾಗಿ ಪ್ರಸಾರವಾಗುವಾಗ ಬೀಳುವುದೂ ಪ್ರಸಾರವಾಗುತ್ತದೆ, ಅದನ್ನು ಯಾರೂ ತಡೆಯಲಾರರು. ಆದರೆ ಎರಡನೇ ಸಲ ತೋರಿಸುವುದು ಅಪಘಾತವಲ್ಲ. ಯಾರೋ ಒಬ್ಬ ಕುರ್ಚಿಯಲ್ಲಿ ಕೂತು, ಇದು ಬೇಕು ಎಂದು ಆರಿಸಿ ಗುಂಡಿ ಒತ್ತುತ್ತಾನೆ. ನೋಡಲೇಬೇಕಾದ ವೈದ್ಯರು ಅದನ್ನು ಕೋಣೆಯಲ್ಲಿ ಕೂತು ನೋಡಲಿ. ಉಳಿದವರಿಗೆ ಆಟಗಾರನಿಗೆ ಪೆಟ್ಟಾಗಿದೆ ಎಂದು ಬಾಯಲ್ಲಿ ಹೇಳಿದರೆ ಅರ್ಥವಾಗದಷ್ಟು ನಮ್ಮ ಜನ ದಡ್ಡರೇನಲ್ಲ.

ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಶರಣು ನನ್ನ ಕ್ಲಿನಿಕ್ಕಿನ ಹುಡುಗನಾದ. ಕಳವಾದಿಂದ ಡೊಂಬಿವಲಿಗೆ ಲೋಕಲ್ಲಿನಲ್ಲಿ, ಮೊದಲು ಎರಡು ಊರುಗೋಲಿನಲ್ಲಿ, ಆಮೇಲೆ ಒಂದರಲ್ಲಿ, ಕೊನೆಗೆ ಬರಿಗೈಯಲ್ಲಿ ಬಂದ. ಬಾಗದ ಮಂಡಿಯನ್ನು ಬಾಗಿಸುವುದು, ಸೊರಗಿದ ತೊಡೆಗೆ ಬಲ ತರುವುದು, ಒಂಟಿಕಾಲಲ್ಲಿ ನಿಲ್ಲಿಸುವುದು, ಕೊನೆಗೆ ಜಿಗಿದು ಅದೇ ಕಾಲಿನ ಮೇಲೆ ಇಳಿಸುವುದು. ಈ ಕೊನೆಯದು ಕಷ್ಟ. ಮಾಂಸಖಂಡ ಸಿದ್ಧವಿದ್ದರೂ ಮನಸ್ಸು ಹಿಂದೆಗೆಯುತ್ತದೆ. ನೀಲವ್ವ ಮನೆಯಲ್ಲೂ ಚಾಳಿನ ನೆರೆಮನೆಗಳಲ್ಲೂ ಯಾರ ಫೋನಿನಲ್ಲೂ ಆ ವಿಡಿಯೋ ಇರದಂತೆ ಜಗಳವಾಡಿ ಅಳಿಸಿಹಾಕಿಸಿದ್ದಳು. ಅದು ನನ್ನ ಅರ್ಧ ಕೆಲಸ ಹಗುರ ಮಾಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಶರಣು ಹೆದರದೆ ಇಳಿಯತೊಡಗಿದ. ದೀಪಾವಳಿಯಾದ ಮೇಲೆ ಠಾಣೆಯಲ್ಲಿ ಇಲಾಖೆಯೊಂದರ ಆಯ್ಕೆ ಪರೀಕ್ಷೆ ಇತ್ತು, ಹೆಸರು ಕೊಟ್ಟೆವು. ವಯಸ್ಸಿನ ಮಿತಿಯಿಂದಾಗಿ ಅವನಿಗೆ ಅದೇ ಕೊನೆಯ ಅವಕಾಶ.

ಆಗ ಬಂದ ಕೌಶಿಕ್. ಚಾನೆಲ್ಲಿನ ಪ್ರೊಡ್ಯೂಸರ್, ಮೂಲ ಬೆಂಗಳೂರು, ವಾಸ ನವಿ ಮುಂಬಯಿಯ ಯಾವುದೋ ಟವರಿನ ಮೇಲು ಮಹಡಿ. ಎರಡು ಕ್ಯಾಮೆರಾ, ಒಂದು ದೊಡ್ಡ ದೀಪ, ಒಂದು ಟ್ಯಾಬ್ಲೆಟ್, ಮೂವರು ಸಹಾಯಕರ ಜೊತೆ ನನ್ನ ಪುಟ್ಟ ಕ್ಲಿನಿಕ್ಕಿಗೆ ನುಗ್ಗಿದ. ಬಂದವನೇ ಕಣ್ಣು ತೇವ ಮಾಡಿಕೊಂಡು ಶರಣುವಿನ ಹೆಗಲು ತಟ್ಟಿದ. ಮೊಸಳೆ ಕಣ್ಣೀರು ಎಂದು ಓದಿದ್ದೆ, ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮುಂದಿನ ಋತುವಿನ ಪ್ರಚಾರಕ್ಕೆ ಅವನಿಗೊಂದು ಚಿತ್ರ ಬೇಕಿತ್ತು: ಬಿದ್ದ ಆಟಗಾರ ವರ್ಷವಾದ ಮೇಲೆ ತಾನು ಬಿದ್ದದ್ದನ್ನು ಮತ್ತೆ ನೋಡುತ್ತಾನೆ, ಅವನ ಮುಖವನ್ನು ನಾವು ನೋಡುತ್ತೇವೆ.

ಇದೇಕೆ ಎಂದು ಕೇಳಿದೆ. ಅವನ ಬಳಿ ಉತ್ತರಗಳ ದಾಸ್ತಾನೇ ಇತ್ತು. ನೋವು ತೋರಿಸದಿದ್ದರೆ ಆಟಗಾರರ ತ್ಯಾಗ ಜನಕ್ಕೆ ತಿಳಿಯುವುದು ಹೇಗೆ? ನಾವು ತೋರಿಸದಿದ್ದರೆ ಯಾರಾದರೂ ಫೋನಿನಲ್ಲಿ ತೋರಿಸುತ್ತಾರೆ. ವೀಕ್ಷಕರೇ ಕೇಳುತ್ತಾರೆ. "ಇದು ವಯಲೆನ್ಸ್ ಅಲ್ಲ ಮೇಡಂ, ಸ್ಟೋರಿ ಟೆಲ್ಲಿಂಗು," ಎಂದ. ನಿಮ್ಮ ಮಗ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡರೆ ಮೂರು ದಿಕ್ಕಿನಿಂದ ತೆಗೆದು ಹಾಡು ಹಾಕಿ ಪ್ರಸಾರ ಮಾಡುತ್ತೀರಾ ಎಂದು ಕೇಳಿದೆ. ಅದು ಪರ್ಸನಲ್ ಅಂತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಬೇಡ ಎಂದು ಶರಣುವಿಗೆ ಕನ್ನಡದಲ್ಲೂ ಹಿಂದಿಯಲ್ಲೂ ಹೇಳಿದೆ. ಅವನು ಕೇಳಲಿಲ್ಲ. ಟೀವಿಯಲ್ಲಿ ಮುಖ ಬಂದರೆ ಆಯ್ಕೆದಾರರಿಗೆ ನೆನಪಾಗುತ್ತೇನೆ ಎಂಬುದು ಅವನ ಲೆಕ್ಕ. ಕಾಲು ಅವನದು, ಮುಖ ಅವನದು, ನೌಕರಿಯ ಚಿಂತೆಯೂ ಅವನದೇ. ಕೌಶಿಕ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಉರಿಯುವ ಮನೆಯಲ್ಲಿ ಗಳ ಹಿರಿಯುವವನಿಗೆ ಯಾವ ಗಳ ಸಡಿಲವಾಗಿದೆ ಎಂದು ತಿಳಿದೇ ಇರುತ್ತದೆ.

ದೀಪ ಹಚ್ಚಿದರು. ಶರಣುವನ್ನು ನನ್ನ ವ್ಯಾಯಾಮದ ಮಂಚದ ಮೇಲೆ ಕೂರಿಸಿ ಟ್ಯಾಬ್ಲೆಟ್ ಕೈಗೆ ಕೊಟ್ಟರು. ಮೊದಲ ಸಲ ನೋಡಿದಾಗ ಅವನ ಮುಖದಲ್ಲಿ ಏನೂ ಕಾಣಲಿಲ್ಲವಂತೆ, ಇನ್ನೊಂದು ಸಲ ಎಂದರು. ಎರಡನೆಯದರಲ್ಲಿ ಹೊರಗಿನಿಂದ ರಿಕ್ಷಾ ಹಾರ್ನ್ ಬಂತು, ಇನ್ನೊಂದು ಸಲ. ಆಮೇಲೆ ಕ್ಯಾಮೆರಾವನ್ನು ಅವನ ಕಣ್ಣಿನ ಹತ್ತಿರ ತರಬೇಕಾಯಿತು, ಇನ್ನೊಂದು ಸಲ. ಪ್ರತಿ ಸಲವೂ ಶರಣು ಹಲ್ಲು ಕಚ್ಚಿ ನೋಡಿದ. ನೋಡುತ್ತ ನೋಡುತ್ತ ಅವನ ಕೈ ತಾನಾಗಿ ಮಂಡಿಯ ಮೇಲೆ ಹೋಗಿ ಕೂತಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೆಕ್ಕು ಕನಿಷ್ಠ ಹಸಿದಿರುತ್ತದೆ.

ಅಷ್ಟರಲ್ಲಿ ನೀಲವ್ವ ಕೆಲಸದಿಂದ ನೇರವಾಗಿ ಮಗನನ್ನು ಕರೆದೊಯ್ಯಲು ಬಂದಳು, ಸೀರೆಯ ಮೇಲೆಲ್ಲ ಸಿಮೆಂಟಿನ ಧೂಳು. ಬಾಗಿಲಲ್ಲೇ ನಿಂತು ಟ್ಯಾಬ್ಲೆಟ್ ನೋಡಿದಳು, ಮಗನ ಮುಖ ನೋಡಿದಳು, ಏನು ನಡೆಯುತ್ತಿದೆ ಎಂದು ತಿಳಿದುಕೊಂಡಳು. ಕೂಗಾಡಲಿಲ್ಲ. ಒಳಗೆ ಬಂದು ಟ್ಯಾಬ್ಲೆಟ್ಟನ್ನು ಮಗನ ಕೈಯಿಂದ ತೆಗೆದು ಬೋರಲು ಹಾಕಿ ಕೌಶಿಕ್‌ನ ಕಡೆ ತಿರುಗಿದಳು.

"ನನ್ನ ಮಗ ಬಿದ್ದಿದ್ದು ಒಂದ ಸಲರೀ ಸಾಹೇಬ್ರ. ನೀವು ಅವನ್ನ ಎಷ್ಟ ಸಲ ಕೆಡವೀರಿ?"

ಕೌಶಿಕ್‌ನ ಕಣ್ಣುಗಳು ಅರಳಿದವು. ಅವನಿಗೆ ಈಗಲಾದರೂ ನಾಚಿಕೆಯಾಯಿತು ಎಂದು ಒಂದು ಕ್ಷಣ ನಂಬಿದೆ.

"ಸೂಪರ್ ಅಮ್ಮಾ," ಎಂದ. "ಇದನ್ನೇ ಇಲ್ಲಿ ಕ್ಯಾಮೆರಾ ನೋಡ್ಕೊಂಡು ಇನ್ನೊಂದ್ ಸಲ ಹೇಳ್ತೀರಾ?"

ನಾನು ದೀಪದ ಪ್ಲಗ್ ಕಿತ್ತೆ. ಮೂವತ್ತು ವರ್ಷದ ವೃತ್ತಿಯಲ್ಲಿ ರೋಗಿಗಳ ಎದುರು ಆಡದ ಮಾತುಗಳನ್ನು ಅಂದು ಆಡಿದೆ, ಹಿಂದಿಯಲ್ಲಿ ಸಾಲದೆ ನಮ್ಮ ಮನೆಯ ತುಳುವಿನಲ್ಲೂ ಆಡಿದೆ. ಅವರು ಸಾಮಾನು ಕಟ್ಟಿಕೊಂಡು ಹೊರಟರು. ಹೊರಡುವಾಗಲೂ ಕೌಶಿಕ್, ತನಗೆ ಬೇಕಾದ ಶಾಟ್ ಸಿಕ್ಕಿದೆ ಎಂದು ಸಹಾಯಕನಿಗೆ ಹೇಳಿದ್ದು ನನಗೆ ಕೇಳಿಸಿತು.

ಮರುದಿನ ಶರಣು ಬಂದಾಗ ಜಿಗಿಯಲು ಹೇಳಿದೆ. ಜಿಗಿದ, ಇಳಿಯುವ ಕ್ಷಣದಲ್ಲಿ ಭಾರವನ್ನೆಲ್ಲ ಇನ್ನೊಂದು ಕಾಲಿಗೆ ಹಾಕಿದ. ಮತ್ತೆ ಹೇಳಿದೆ, ಮತ್ತೆ ಹಾಗೇ. ಪರೀಕ್ಷೆಗೆ ಉಳಿದಿದ್ದ ದಿನಗಳಲ್ಲಿ ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕಾಲಿನ ಬಲ ಅಳೆದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇರಲಿಲ್ಲ.

ಠಾಣೆಯ ಮೈದಾನದಲ್ಲಿ ಆಯ್ಕೆ ನಡೆಯಿತು. ಮಣ್ಣಿನ ಅಂಕಣ, ಪರದೆಯಿಲ್ಲ, ಕ್ಯಾಮೆರಾ ಇಲ್ಲ. ಶರಣು ಮೊದಲ ರೈಡಿಗೆ ಹೋದ. ರೈಡರ್ ಎದುರಾಳಿಗಳ ಕಾಲುಗಳನ್ನು ನೋಡಬೇಕು, ಅವನು ತನ್ನ ಮಂಡಿಯನ್ನು ನೋಡುತ್ತಿದ್ದ. ಕ್ಷಣದಲ್ಲಿ ಹಿಡಿದರು. ಎರಡನೇ ರೈಡೂ ಹಾಗೇ ಮುಗಿಯಿತು. ಮೂರನೆಯದಕ್ಕೆ ಕರೆಯಲಿಲ್ಲ. ಆಯ್ಕೆದಾರರಲ್ಲೊಬ್ಬರು ಹಳೆಯ ಆಟಗಾರ, ಒಳ್ಳೆಯ ಮನುಷ್ಯ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಗುಡಘಾ ಠೀಕ್ ಆಹೇ ಮ್ಯಾಡಮ್. ನಜರ್ ಗೇಲಿ." ಮಂಡಿ ಸರಿಯಾಗಿದೆ, ದೃಷ್ಟಿ ಹೋಯಿತು ಎಂದು.

ಶರಣುವೂ ನಾನೂ ಸ್ಟೇಷನ್ನಿನತ್ತ ನಡೆದೆವು. ದಾರಿಯಲ್ಲಿ ಅವನು, ನನ್ನ ಜೊತೆ ಮೊದಲ ಬಾರಿಗೆ, ತಡವರಿಸುತ್ತ ಅವ್ವನ ಕನ್ನಡದಲ್ಲಿ ಹೇಳಿದ: "ಬಿದ್ದಿದ್ದು ನನಗ ನೆನಪಿಲ್ರೀ ಮ್ಯಾಡಮ್. ನೆನಪು ಮಾಡ್ಕೊಂಡ್ರ ಮ್ಯಾಲಿಂದ ಕಾಣತೈತಿ."

ಮೇಲಿನಿಂದ. ಅವನು ನೆಲದ ಮೇಲಿದ್ದ, ಮೇಲಿದ್ದದ್ದು ಕ್ಯಾಮೆರಾ. ತಾನು ಬಿದ್ದ ನೆನಪನ್ನು ಕೂಡ ಆ ಹುಡುಗನಿಗೆ ತನ್ನದಾಗಿ ಇಟ್ಟುಕೊಳ್ಳಲು ಬಿಡಲಿಲ್ಲ ಈ ದರಿದ್ರ ಜನ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಅಸಹ್ಯ ಬಂತು. ಶರಣು ಈಗ ನವಿ ಮುಂಬಯಿಯ ಒಂದು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಾನೆ. ನೀಲವ್ವ ಇನ್ನೂ ಇಟ್ಟಿಗೆ ಹೊರುತ್ತಾಳೆ. ಕೌಶಿಕ್‌ನ ಚಿತ್ರ ಪ್ರಸಾರವಾಗಿ, ಛಲ ಬಿಡದ ಆಟಗಾರನ ಕಥೆ ಎಂದು ಹೊಗಳಿಸಿಕೊಂಡಿತು. ಆಟಗಾರ ಆಟ ಬಿಟ್ಟಿದ್ದಾನೆ ಎಂದು ತಿಳಿದುಕೊಳ್ಳುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಹರಿದ ಲಿಗಮೆಂಟನ್ನು ಕೂಡಿಸಬಹುದು, ಸೊರಗಿದ ಸ್ನಾಯುವನ್ನು ತುಂಬಿಸಬಹುದು. ನೋಡಿದ್ದನ್ನು ಅಳಿಸುವ ವ್ಯಾಯಾಮ ನನ್ನ ಶಾಸ್ತ್ರದಲ್ಲಿಲ್ಲ. ಈಗಲೂ ಊರಿನ ಸಣ್ಣಪುಟ್ಟ ಪಂದ್ಯಾವಳಿಗಳಿಗೆ ಹೋಗುತ್ತೇನೆ, ಅಲ್ಲೂ ಒಂದೊಂದು ಪರದೆ ಬಂದಿದೆ. ಆಟಗಾರ ಬಿದ್ದರೆ ಓಡಿಹೋಗಿ ಒಂದು ಕೈ ಪೆಟ್ಟಾದ ಕಡೆ ಇಡುತ್ತೇನೆ. ಇನ್ನೊಂದು ಕೈಯಲ್ಲಿ ಅವನ ಕಣ್ಣು ಮುಚ್ಚುತ್ತೇನೆ.