ಅಂಗೈಯಿಂದ ಜಾರಿದ ಲಿಂಗ

ಪೂಜೆಗೆ ಕೂತಾಗ ನನ್ನ ಎಡ ಅಂಗೈಯಲ್ಲಿದ್ದ ಇಷ್ಟಲಿಂಗ ಮೂರನೇ ಸಲ ಜಾರಿ ಬಿತ್ತು. “ಭಕ್ತಿ ಇಲ್ಲದ ಹಿಡಿದ್ರ ಇನ್ನೇನ ಆಗತೈತಿ?” ಎಂದರು ಅತ್ತೆ.

ಗೋಕಾಕದ ಡಾಕ್ಟರು ನನ್ನ ಗಂಡನ ಎದುರಿಗೇ ಸ್ಕ್ಯಾನ್ ತೋರಿಸಿದರು. “ಇದು ಮಲ್ಟಿಪಲ್ ಸ್ಕ್ಲೆರೋಸಿಸ್. ನಿಮ್ಮ ಕೈ ಚಲೋ ಐತ್ರಿ. ಮೆದುಳಿನ ಭಾಗಗಳನ್ನ ಜೋಡಿಸೋ ದಾರಿ ಕೆಟ್ಟಾವ. ಹೊಳಿ ಬಂದು ಸೇತುವೆ ಮುಳುಗಿದ್ರ ಬಸ್ಸು ಸುತ್ತು ಹಾಕಿ ಬರತೈತಲ್ಲ, ಹಂಗ ಮೆದುಳು ಬ್ಯಾರೆ ದಾರಿ ಹುಡುಕಾಕತ್ತೈತಿ.” ಗಂಡ ತಲೆಯಾಡಿಸಿದರು. ರೋಗದ ಭಯಕ್ಕಿಂತ, ತಪ್ಪು ನನ್ನದಲ್ಲವೆಂಬ ಸಮಾಧಾನವೇ ನನಗೆ ದೊಡ್ಡದಾಗಿತ್ತು.

ಹುಕ್ಕೇರಿಯ ಮನೆಗೆ ಬಂದೊಡನೆ ಅತ್ತೆ ಕೇಳಿದರು: “ಏನಂದ್ರು ಡಾಕ್ಟರು?”

“ಏನಿಲ್ಲ ಯವ್ವಾ, ಲಕ್ಷ್ಯ ಕೊಟ್ಟು ಮಾಡಂಗಿಲ್ಲ ಅಕಿ,” ಎನ್ನುತ್ತ ಗಂಡ ಚಪ್ಪಲಿ ಬಿಟ್ಟರು.

ನನ್ನ ಮೆದುಳು ಸುತ್ತು ಹಾಕಿಯಾದರೂ ಕೈಯನ್ನು ಮುಟ್ಟಲು ಒದ್ದಾಡುತ್ತಿತ್ತು. ಈ ಮನುಷ್ಯ ಡಾಕ್ಟರ ಮುಂದೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ.