ತಿದ್ದುಪಡಿ ಸಾಹೇಬರು
ನಮ್ಮ ಪುರಸಭೆಯ ಕಟ್ಟಡ ವಿಭಾಗದ ಮುಖ್ಯಸ್ಥರಿಗೆ ಜನ ಇಟ್ಟ ಹೆಸರು ತಿದ್ದುಪಡಿ ಸಾಹೇಬರು. ರಾಜ್ಯ ಸರ್ಕಾರ ವಾಸದ ಮನೆಗಳಿಗೆ ಹೊಸ ನಿಯಮಾವಳಿ ತಂದು ಆರು ವರ್ಷವಾಯಿತು. ಪುರಸಭೆ ಠರಾವು ಮಾಡಿ ಒಪ್ಪುವವರೆಗೆ ಇಲ್ಲಿ ನಡೆಯುವುದು ಹಳೆಯದೇ. ಕೇಳಿದರೆ, "ಸರ್ಕಾರ ಹೇಳ್ತು, ಸರಿ. ನಾವು ಒಪ್ಪಬೇಕಲ್ಲಮ್ಮ?" ಎನ್ನುತ್ತಾರೆ. ಪ್ರತಿ ಸಭೆಗೂ ಆ ನಿಯಮಾವಳಿಯ ಪುಸ್ತಕವನ್ನು ಎದೆಗವಚಿಕೊಂಡು ಹೋಗುತ್ತಾರೆ, ಒಂದು ಕಲಮನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ, ಉಳಿದದ್ದನ್ನು ಮುಂದಿನ ಸಭೆಗೆ ದೂಡಿ ಚಹಾ ಕುಡಿಯುತ್ತಾರೆ. ಹೊಗೆ ಕಂಡರೆ ಕೂಗುವ ಗಂಟೆ ಇರಬೇಕೆಂದರೆ "ನಮ್ಮೂರಿಗೆ ಒಗ್ಗಲ್ಲ." ಮೆಟ್ಟಿಲುಗಳೆಲ್ಲ ಒಂದೇ ಎತ್ತರವಿರಬೇಕೆಂದರೆ "ಕಟ್ಟೋರಿಗೆ ತಲೆನೋವು." ಬಾಲ್ಕನಿಯ ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಇರಕೂಡದೆಂಬ ಕಲಮು "ಬರೀ ಶೋಕಿ." ಆ ಶೋಕಿಯಿಲ್ಲದ, ನಮ್ಮ ಮನೆಯೆದುರಿನ ಹೊಸ ಕಟ್ಟಡದಲ್ಲಿ, ಮೂರನೆಯ ಮಹಡಿಯ ದರ್ಜಿ ಹೆಂಗಸು ತನ್ನ ಮಗು ಕಂಬಿಗಳ ನಡುವೆ ನುಸುಳಿ ಬಿದ್ದೀತೆಂದು ಅದನ್ನು ಹೊಲಿಗೆ ಯಂತ್ರದ ಕಾಲಿಗೆ ಕಟ್ಟಿಹಾಕಿ ದುಡಿಯುತ್ತಾಳೆ. ಅವಳ ಪರವಾಗಿ ಜಗಳವಾಡಲೆಂದೇ ನಾನು ಒಂದು ಬೆಳಿಗ್ಗೆ ಸಾಹೇಬರ ಮನೆಗೆ ಹೋದೆ. ಅವರು ಬಾಲ್ಕನಿಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಕಂಬಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿದ್ದರು. ಕೈಯಲ್ಲಿ ಅಳತೆ ಟೇಪು. ಸಂದು ನಾಲ್ಕು ಇಂಚಿಗಿಂತ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. "ಇದ್ಯಾವ ನಿಯಮ ಸಾಹೇಬ್ರೆ?" ಎಂದೆ. ಅವರು ತಲೆಯೆತ್ತದೆ ಹೇಳಿದರು: "ಮನೇಲಿ ಮೊಮ್ಮಗಳಿದ್ದಾಳಲ್ಲಮ್ಮ, ಮನಸ್ಸು ಕೇಳಲ್ಲ."