ಓರೆ ನಿಬ್ಬಿಗೆ ಇಕ್ಕಳ ಹಾಕಿದವರು

ನನ್ನ ಸೋದರತ್ತೆಯ ಪೆನ್ನನ್ನು ಕೊಂದವರು ನೀವು. ಶಹಾಪುರದ ಹಳೆಯ ಪೆನ್ನುಗಳ ಪ್ರದರ್ಶನದ ಸಂಘಟಕರಾದ ನಿಮಗೇ ಹೇಳುತ್ತಿದ್ದೇನೆ. ‘ಕೊಂದವರು’ ಎಂಬ ಪದವನ್ನು ಮೆದುಗೊಳಿಸುವ ಉದ್ದೇಶ ನನಗಿಲ್ಲ. ಅಂದು ನಾನು ಕೇಳಿದ್ದು ಎಲುಬು ಮುರಿಯುವ ಸದ್ದನ್ನೇ.

ಆ ಪೆನ್ನು ನನ್ನ ಅಜ್ಜನದು. ನಿಜಾಮರ ಕಾಲದ ಕಚೇರಿಯಲ್ಲಿ ಉರ್ದು ಬರೆಯುತ್ತಿದ್ದ ಅವರು ಅದನ್ನು ಹೈದರಾಬಾದಿನಲ್ಲಿ ಕೊಂಡಿದ್ದರು. ಅವರ ನಂತರ ಅದು ಮಗಳ ಕೈಗೆ ಬಂತು. ಸುರಪುರದ ಮನೆಯಲ್ಲಿ ಅತ್ತೆ ಆ ಪ್ರದರ್ಶನದ ದಿನದವರೆಗೂ ಹಳೆಯ ಉರ್ದು ಜಮೀನುಪತ್ರಗಳನ್ನು ಓದಿ, ನಕಲು ಮಾಡಿ, ಕೆಳಗೆ ಕನ್ನಡದಲ್ಲಿ ಅರ್ಥ ಬರೆದುಕೊಡುತ್ತಿದ್ದರು. ಎರಡೂ ಲಿಪಿಗೆ ಒಂದೇ ನಿಬ್ಬು.

ಹಳೆಯ ನಿಬ್ಬುಗಳನ್ನು ನೋಡಲು ನಾನು ಕಲಿತದ್ದು ಅವರ ಪಕ್ಕದಲ್ಲಿ ಕುಳಿತೇ. ಹಳೆಯದೆಲ್ಲ ಅಪರೂಪವಲ್ಲ, ಬಂಗಾರದ್ದೆಲ್ಲ ಅಪರೂಪವಲ್ಲ. ನಿಬ್ಬಿನ ತುದಿಗೆ ಬೆಸೆದ ಗಟ್ಟಿ ಲೋಹದ ಮಣಿಯನ್ನು ಹೇಗೆ ಕೊಯ್ದಿದ್ದಾರೆ, ಅದು ಎಷ್ಟು ಉಳಿದಿದೆ ಎಂಬುದನ್ನು ನೋಡಬೇಕು. ಅತ್ತೆಯ ನಿಬ್ಬಿನ ತುದಿ ಉರ್ದು ಬರವಣಿಗೆಗೆಂದೇ ಓರೆಯಾಗಿ ಕೊಯ್ದದ್ದು. ಸವೆದು ಓರೆಯಾದ ನಿಬ್ಬಿನಲ್ಲಿ ಮಣಿ ಒಂದು ಬದಿಗೆ ತೆಳುವಾಗಿರುತ್ತದೆ. ಇದರಲ್ಲಿ ಸೀಳಿನ ಎರಡೂ ಬದಿ ಮಣಿ ತುಂಬಿಕೊಂಡಿತ್ತು. ಭೂತಗನ್ನಡಿ ಹಿಡಿದ ಯಾರಿಗಾದರೂ ಕಾಣುವ ಸತ್ಯವಿದು.

ಅಪರೂಪದ ಪೆನ್ನುಗಳ ಸ್ಪರ್ಧೆಗೆಂದು ಅತ್ತೆಯೂ ನಾನೂ ಅದನ್ನು ತಂದುಕೊಟ್ಟಾಗ ನಿಮ್ಮ ತೀರ್ಪುಗಾರರು ಭೂತಗನ್ನಡಿ ಹಿಡಿಯಲಿಲ್ಲ. ತೀರ್ಪುಗಾರರಾಗಿ ಯಾದಗಿರಿಯಿಂದ ಬಂದಿದ್ದ ಪೆನ್ನು ವ್ಯಾಪಾರಿ ನಿಬ್ಬನ್ನು ಬೆಳಕಿಗೆ ಎತ್ತಿ ಹಿಡಿದು ನಕ್ಕರು.

“ಇದು ಸೊಟ್ಟ ಆಗೇದ್ರಿ. ಒಂದ್ ಹಿಡತ ಹಿಡದ್ರ ನೆಟ್ಟಗ ಆಗ್ತದ.”

“ಸೊಟ್ಟ ಅಲ್ರಿ, ಹಂಗ ಕೊಯ್ದಾರ. ಗಾಜು ಹಿಡದು ನೋಡ್ರಿ ಮೊದ್ಲ,” ಎಂದೆ.

“ಏ ತಂಗಿ, ನೀ ಹುಟ್ಟೂಕಿಂತ ಮೊದ್ಲಿಂದ ಪೆನ್ನು ಮಾರಾಕತ್ತೀನಿ. ಯೂನಿವರ್ಸಿಟ್ಯಾಗ ಇದನ್ನೂ ಕಲಿಸ್ತಾರೇನು?”

ಸುತ್ತಲಿದ್ದವರು ನಕ್ಕರು. ಆ ನಗುವಿನ ನಡುವೆಯೇ ಅವರು ಇಕ್ಕಳದಿಂದ ನಿಬ್ಬಿನ ತುದಿ ಕಚ್ಚಿ ತಿರುಚಿದರು. ಬಂಗಾರ ಬಾಗಿತು, ಸೀಳು ಬಾಯಿ ಬಿಟ್ಟಿತು. ಮತ್ತೊಮ್ಮೆ ತಿರುಚಿದಾಗ ಸೀಳಿನ ಒಂದು ಬದಿಯ ತುದಿ ಮಣಿಸಮೇತ ಹಾರಿಹೋಯಿತು. ನಾನು ಇಕ್ಕಳಕ್ಕೆ ಕೈ ಹಾಕಿದೆ. ನಿಮ್ಮ ಸ್ವಯಂಸೇವಕರಿಬ್ಬರು ನನ್ನ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದು ಮೇಜಿಗೆ ಒತ್ತಿದರು. ತುಟಿ ಒಡೆದು, ಹಾಸಿದ್ದ ಬಿಳಿ ಬಟ್ಟೆಗೆ ರಕ್ತ ಹತ್ತಿತು. ಆ ಕ್ಷಣ ನನ್ನ ಕೈ ಬಿಡುಗಡೆಯಾಗಿದ್ದರೆ ನಿಮ್ಮ ಗಾಜಿನ ಕಪಾಟುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ.

“ಅವ್ವಾರ, ಸಮಾಧಾನ ಮಾಡ್ಕೋರಿ,” ಎಂದರು ನಿಮ್ಮ ಕಾರ್ಯದರ್ಶಿ, ಅತ್ತೆಯ ಕಡೆ ತಿರುಗಿ. “ಹೊಸಾ ನಿಬ್ಬು ಹಾಕಿ ಕೊಡ್ತೀವಿ.”

“ನಿನ್ನ ಹಲ್ಲ ಕಿತ್ತು ಹೊಸಾವು ಹಾಕಿ ಕೊಡ್ತೀನಿ, ಬಾ ಇಲ್ಲಿ!” ಎಂದು ಅತ್ತೆ ಚಪ್ಪಲಿಗೆ ಕೈ ಹಾಕಿದರು. ಆಗ ಮಾತ್ರ ನನ್ನ ತೋಳು ಬಿಟ್ಟಿರಿ. ನಾವಿಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕಿದರೂ ಮುರಿದ ಚೂರು ಸಿಗಲಿಲ್ಲ.

ಆ ವಾರವೇ ಬಳಿಚಕ್ರ ಹಳ್ಳಿಯ ರೈತರೊಬ್ಬರು ಮಡಿಕೆಗಳಲ್ಲಿ ಹರಿದ ಉರ್ದು ಪತ್ರ ಹಿಡಿದು ಬಂದರು. ಅತ್ತೆ ನನ್ನ ಪೆನ್ನಿನಿಂದ ನಕಲು ಮಾಡತೊಡಗಿದರು. ದಪ್ಪವಾಗಬೇಕಾದ ಕಡೆ ಗೆರೆ ದಪ್ಪವಾಗಲಿಲ್ಲ, ತೆಳುವಾಗಬೇಕಾದ ಕಡೆ ತೆಳುವಾಗಲಿಲ್ಲ. ಹಾಳೆಯನ್ನು ಪರಪರ ಹರಿದರು, ಇನ್ನೊಂದು ತೆಗೆದುಕೊಂಡು ಅದನ್ನೂ ಹರಿದರು.

“ಬ್ಯಾರೆ ಯಾರ ಕಡೀಗರೆ ಹೋಗ್ರಿ ಯಪ್ಪಾ. ನನ್ನ ಕೈಲೆ ಆಗಂಗಿಲ್ಲ.”

“ಬ್ಯಾರೆ ಯಾರದಾರ್ರಿ ಅವ್ವಾ?” ಎಂದರು ರೈತರು. ಅತ್ತೆ ಒಳಗೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಂಡರು.

ಆದ್ದರಿಂದ ಸಮಿತಿಯನ್ನು ವಿಧ್ಯುಕ್ತವಾಗಿ ಕೇಳುತ್ತಿದ್ದೇನೆ. ನೋಡಲೆಂದು ಪಡೆದ ವಸ್ತುವಿಗೆ ಇಕ್ಕಳ ಹಾಕುವ ಅಧಿಕಾರವನ್ನು ತೀರ್ಪುಗಾರರಿಗೆ ಕೊಟ್ಟವರು ಯಾರು? ಒಡತಿ ಎದುರಿಗಿದ್ದಾಗ ಅವರ ಒಪ್ಪಿಗೆ ಕೇಳಲಿಲ್ಲವೇಕೆ? ನನ್ನ ಮೇಲೆ ಕೈಮಾಡಿದವರ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ? ಉತ್ತರ ಲಿಖಿತವಾಗಿರಲಿ. ನಿಬ್ಬಿಗೆ ಹೊಸ ಮಣಿ ಬೆಸೆದು, ಅದೇ ಓರೆಗೆ ಕೊಯ್ಯಬಲ್ಲ ಕುಶಲಕರ್ಮಿಯನ್ನು ದೇಶದ ಯಾವ ಮೂಲೆಯಲ್ಲಿದ್ದರೂ ಹುಡುಕಿ, ನಿಮ್ಮದೇ ವೆಚ್ಚದಲ್ಲಿ ಆ ಕೆಲಸ ಮಾಡಿಸಿಕೊಡಬೇಕು. ದುರಸ್ತಿಯಾದ ಪೆನ್ನನ್ನು ಕಾರ್ಯದರ್ಶಿ ಮತ್ತು ತೀರ್ಪುಗಾರರು ಸ್ವತಃ ಸುರಪುರಕ್ಕೆ ತಂದು ಅತ್ತೆಯ ಕೈಗೆ ಒಪ್ಪಿಸಬೇಕು. ಅತ್ತೆ ಒಂದು ಸಾಲು ಬರೆದು ನೋಡಿ ಸರಿಯಿದೆ ಎನ್ನುವವರೆಗೆ ಅವರಿಬ್ಬರೂ ಅಲ್ಲಿಂದ ಏಳಬಾರದು ಎಂದು ಈ ಮೂಲಕ ಕೋರುತ್ತೇನೆ.